ಕರೆಂಟಿಲ್ಲದ ಕೀಬೋರ್ಡು

ಹಿರಿಯೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೈಸರ್ ಅವರದೊಂದು ಮೈಕ್ ಸೆಟ್ ಅಂಗಡಿ. ಸುತ್ತಲಿನ ಹಳ್ಳಿಗಳಲ್ಲಿ ಮದುವೆಯಾದರೂ ಉರುಸಾದರೂ ಗಣಪತಿ ಕೂರಿಸಿದರೂ ಸ್ಪೀಕರುಗಳು ಅಲ್ಲಿಂದಲೇ ಹೋಗಬೇಕು. ಕೈಸರ್ ಹೆಚ್ಚು ಮಾತಿನವರಲ್ಲ. ಯಾರು ಯಾವ ಹಾಡು ಕೇಳಿದರೂ ಹಾಕುತ್ತಿದ್ದರು, ತಾವಾಗಿ ಯಾವ ಹಾಡನ್ನೂ ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬರೇ ಇದ್ದಾಗ ರೇಡಿಯೋ ಕೂಡ ಬಂದ್.

ಅವರ ಮಗಳು ಫರೀಹಾ ಬೆಳಿಗ್ಗೆ ಊರಿನ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಮಾಡಿ, ಮಧ್ಯಾಹ್ನ ಅಂಗಡಿಗೆ ಬರುತ್ತಿದ್ದಳು. ಒಂದು ಕಡೆ ಕೂರುವ ಜಾಯಮಾನವೇ ಅವಳದಲ್ಲ. ಊಟಕ್ಕೆ ಕೂತರೂ ಕಾಲು ಅಲುಗುತ್ತಿತ್ತು. ಚಹಾ ಕುಡಿಯುವಾಗ ಬೆರಳುಗಳು ಲೋಟದ ಮೇಲೆ ಏನೋ ಬಡಿಯುತ್ತಿದ್ದವು. ಇವಳನ್ನು ನೋಡಿಕೊಂಡಿದ್ದರೆ ತನಗೇ ತಲೆ ಸುತ್ತುತ್ತದೆ ಎಂದು ಅಜ್ಜಿ ತಾಜ್ ಬೀ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಮದುವೆ ಮಾತು ತೆಗೆದರೆ ಫರೀಹಾ ಎದ್ದು ಮಹಡಿಗೆ ಹೋಗಿ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದಳು. ಏನು ಬೇಕು ನಿನಗೆ ಎಂದು ಅಮ್ಮಿ ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದಳು. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ಗೊತ್ತಿರಲಿಲ್ಲ.

ಚಿತ್ರದುರ್ಗಕ್ಕೆ ಬಿ.ಎಸ್‌ಸಿ. ಓದಲು ಹೋಗಿ ಬರುತ್ತಿದ್ದ ಕಾಲದಲ್ಲಿ ಅವಳಿಗೊಂದು ಹುಚ್ಚು ಹತ್ತಿತ್ತು. ಒಂದು ದಿನ ಬಸ್ಸು ಐಮಂಗಲ ದಾಟಿ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಫೋನು ತಾನೇ ಹುಡುಕಿ ಒಂದು ಹಾಡು ಹಾಕಿತು. ಎಂಬತ್ತರ ದಶಕದಲ್ಲಿ ಯುರೋಪಿನ ಯಾವುದೋ ಚಳಿ ಊರಿನ ಹುಡುಗರು ಸಿಂಥಸೈಸರ್ ಎಂಬ ವಿದ್ಯುತ್ ಕೀಬೋರ್ಡು ಇಟ್ಟುಕೊಂಡು ಮಾಡಿದ್ದು. ಅದರಲ್ಲಿ ಗಿಟಾರಿಲ್ಲ, ಪಿಟೀಲಿಲ್ಲ. ಡ್ರಮ್ ಮಷೀನು ಒಂದೇ ಸಮ ಬಡಿಯುತ್ತಿತ್ತು. ಅದರ ಕೆಳಗೆ ಬೇಸು, ಅಂದರೆ ತಗ್ಗು ಸ್ವರದ ಗುಡುಗು, ನಾಲ್ಕೇ ಸ್ವರಗಳಲ್ಲಿ, ಬೋನಿನೊಳಗಿನ ಪ್ರಾಣಿಯ ಹಾಗೆ, ಅತ್ತಿಂದಿತ್ತ ಓಡಾಡುತ್ತಿತ್ತು. ಮೇಲೊಂದು ಗಡಸು ಗಂಡು ದನಿ. ಅಳುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ಫರೀಹಾಳಿಗೆ ಅದು ದುಃಖದ ಹಾಡು ಅನ್ನಿಸಲೇ ಇಲ್ಲ. ತನ್ನೊಳಗೆ ದಿಕ್ಕೆಟ್ಟು ಸುತ್ತುವ ತಳಮಳಕ್ಕೆ ಯಾರೋ ತಾಳ ಹಾಕಿಕೊಟ್ಟ ಹಾಗಿತ್ತು. ಅವತ್ತು ಅವಳು ಇಳಿಯಬೇಕಾದ ಕಡೆ ಇಳಿಯದೆ ಮುಂದಿನ ಸ್ಟಾಪಿನಿಂದ ನಡೆದು ಬಂದಳು.

ಆಮೇಲೆ ಅಂಥವನ್ನೇ ಹುಡುಕಿ ಕೇಳಿದಳು. ಕೇಳಿ ಕೇಳಿ, ಹಳೇ ಲ್ಯಾಪ್‌ಟಾಪಿನಲ್ಲಿ ತಾನೇ ಮಾಡಲು ಶುರುಮಾಡಿದಳು. ಬೇಸು ಬರುತ್ತಿತ್ತು, ತಾಳ ಬರುತ್ತಿತ್ತು, ದನಿ ಮಾತ್ರ ಬರುತ್ತಿರಲಿಲ್ಲ. ತಾನು ಹಾಡಿದರೆ ಶಾಲೆಯ ಪ್ರಾರ್ಥನೆಯಂತೆ ಕೇಳುತ್ತಿತ್ತು. ಹೀಗೆ ಬಾಯಿಲ್ಲದ ಹಾಡುಗಳು ಒಂದರ ಮೇಲೊಂದು ಕೂಡಿಬಿದ್ದವು. ಮನೆಯಲ್ಲಿ ಯಾರಿಗೂ ಅವನ್ನು ಅವಳು ಕೇಳಿಸಿರಲಿಲ್ಲ.

ಕಳೆದ ವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಯಲ್ಲದಕೆರೆಯ ಮದುವೆಗೆ ಹೋಗಬೇಕಿದ್ದ ದೊಡ್ಡ ಸ್ಪೀಕರುಗಳನ್ನು ಪರೀಕ್ಷಿಸಲು ಅವಳು ತನ್ನ ಫೋನನ್ನು ಆಂಪ್ಲಿಫೈಯರಿಗೆ ಸಿಕ್ಕಿಸಿದಳು. ಹಾಕಬೇಕೆಂದಿದ್ದು ಒಂದು ಸಿನಿಮಾ ಹಾಡು. ಬೆರಳು ಪಕ್ಕಕ್ಕೆ ತಾಗಿ, ಹಿಂದಿನ ವಾರ ಅವಳೇ ಮಾಡಿದ ತುಣುಕು ಅಂಗಡಿಯ ತಗಡು ನಡುಗುವಂತೆ ಹೊರಬಂತು. ಅವಳು ಗಾಬರಿಯಾಗಿ ನಿಲ್ಲಿಸಲು ಹೋದಳು.

"ನಿಲ್ಲಿಸ್ಬೇಡ" ಎಂದರು ಕೈಸರ್. ಅವರ ಕೈಯಲ್ಲಿ ವೈರಿನ ಸುರುಳಿ ಇತ್ತು. ತುಣುಕು ಮುಗಿಯುವವರೆಗೂ ಹಾಗೇ ನಿಂತಿದ್ದರು. ಆಮೇಲೆ ಕೇಳಿದರು: "ಈ ಬೇಸು ಎಲ್ಲಿ ಸಿಕ್ತು ನಿಂಗೆ?"

ತಾನೇ ಮಾಡಿದ್ದು ಎಂದಳು. ಯಾರ ಹಾಡು ಕೇಳಿ ಮಾಡಿದೆ ಎಂದರು. ಅವಳು ಎರಡು ಮೂರು ಬ್ಯಾಂಡುಗಳ ಹೆಸರು ಹೇಳಿದಳು, ಅಬ್ಬುವಿಗೆ ಏನು ಗೊತ್ತಾಗುತ್ತದೆ ಎಂದುಕೊಂಡೇ ಹೇಳಿದಳು. ಕೈಸರ್ ಆ ಹೆಸರುಗಳನ್ನು ತಿದ್ದಿ ಉಚ್ಚರಿಸಿದರು, ಅವಳು ಹೇಳದ ಇನ್ನೂ ಒಂದನ್ನು ಸೇರಿಸಿದರು. ಸೇರಿಸಿದವರೇ ವೈರು ಕೆಳಗಿಟ್ಟು, ಬೈಕ್ ಹತ್ತಿ ಹೊರಟುಹೋದರು. ಯಲ್ಲದಕೆರೆಯವರ ಟ್ರ್ಯಾಕ್ಟರ್ ಬಂದು ನಿಂತಿತ್ತು. ಸ್ಪೀಕರುಗಳನ್ನು ಫರೀಹಾಳೇ ಏರಿಸಿ ಕಳಿಸಿದಳು. ಕೈಸರ್ ವಾಣಿವಿಲಾಸ ಸಾಗರದ ತನಕ ಹೋಗಿ, ಕಟ್ಟೆಯ ಮೇಲೆ ಸುಮ್ಮನೆ ನಡೆದಾಡಿ, ಸಂಜೆ ಮನೆಗೆ ಬಂದರು. ಬಂದವರು ಕೈಕಾಲು ತೊಳೆಯುವ ಮೊದಲೇ ಅಟ್ಟದ ಮೇಲಿನ ಉದ್ದನೆಯ ಟ್ರಂಕನ್ನು ಕೆಳಗಿಳಿಸಿದರು. ಕಂಬಳಿ ಬಿಚ್ಚಿದರೆ ಒಳಗೊಂದು ಕೀಬೋರ್ಡು. ಬೆರಳೊತ್ತುವ ಮನೆಗಳ ಸಂದಿಯಲ್ಲಿ ಜಿರಳೆ ಮೊಟ್ಟೆ, ಒಂದು ಮೂಲೆ ಒಡೆದಿತ್ತು.

ಆ ಸಂಜೆ ಅವರು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಫರೀಹಾಳಿಗೆ ಹೊಸತು. ಅಬ್ಬು ಮದುವೆಗೆ ಮುಂಚೆ ಕುವೈತಿನಲ್ಲಿದ್ದರು, ಯುದ್ಧವಾದಾಗ ವಾಪಸು ಬಂದರು ಎನ್ನುವಷ್ಟು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಅವರು ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದ ಅಂಗಡಿಯಲ್ಲೇ ಕ್ಯಾಸೆಟ್ಟುಗಳೂ ಮಾರಾಟಕ್ಕಿದ್ದವು. ರಿಪೇರಿಯಾದ ಯಂತ್ರವನ್ನು ಪರೀಕ್ಷಿಸಲು ಅವರು ಹಾಕುತ್ತಿದ್ದದ್ದು ಫರೀಹಾ ಕೇಳುವಂಥ ಈ ಕತ್ತಲೆಯ ಹಾಡುಗಳನ್ನೇ. ಅಂಥ ಬೇಸು ಬಂದರೆ ಯಂತ್ರದ ಯೋಗ್ಯತೆ ತಿಳಿಯುತ್ತದೆ ಎಂದು ಮಾಲೀಕನಿಗೆ ಹೇಳುತ್ತಿದ್ದರಂತೆ. ಕೋಣೆಯಲ್ಲಿ ಜೊತೆಗಿದ್ದವನು ಹೊಸದುರ್ಗದ ಮಲ್ಲೇಶ್, ಬೇಕರಿಯ ವ್ಯಾನ್ ಓಡಿಸುತ್ತಿದ್ದ ಲಿಂಗಾಯತರ ಹುಡುಗ. ಅವನಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೆ ದನಿ ಬಾವಿಯೊಳಗಿಂದ ಬಂದಂತಿತ್ತು. ಇಬ್ಬರೂ ಸೇರಿ ಆ ಕೀಬೋರ್ಡು ಕೊಂಡರು. ಶುಕ್ರವಾರ ಶುಕ್ರವಾರ ಒಬ್ಬ ನುಡಿಸುವುದು, ಇನ್ನೊಬ್ಬ ಅರ್ಥವಾಗದ ಮಾತುಗಳನ್ನು ಹಾಡುವುದು. ಆ ಹಾಡಿನವರೂ ತಮ್ಮ ಹಾಗೇ ಕೋಣೆಯೊಳಗೆ ಸಿಕ್ಕಿಬಿದ್ದವರು ಅನ್ನಿಸುತ್ತಿತ್ತು ಎಂದರು ಕೈಸರ್.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಬಾಗ್ದಾದಿನ ಮೂಲಕ ಬಸ್ಸಿನಲ್ಲಿ ಜೋರ್ಡಾನ್ ಗಡಿಗೆ ಹೋಗಬೇಕಾಯಿತು. ದಾರಿಯಲ್ಲಿ ಎಲ್ಲರೂ ಸೂಟ್‌ಕೇಸುಗಳನ್ನು ಬಿಟ್ಟರು. ಕೈಸರ್ ಕೀಬೋರ್ಡು ಬಿಡಲಿಲ್ಲ, ಮಲ್ಲೇಶ್ ಅದಕ್ಕೆ ತಕರಾರು ಮಾಡಲಿಲ್ಲ. ಮರುಭೂಮಿಯ ಡೇರೆಗಳಲ್ಲಿ ವಿಮಾನಕ್ಕೆ ಹೆಸರು ಕೂಗುವುದನ್ನು ಕಾಯುತ್ತ ದಿನಗಳು ಕಳೆದವು. ನೀರಿಗೆ ಸಾಲು, ರೊಟ್ಟಿಗೆ ಸಾಲು. ಪಕ್ಕದ ಡೇರೆಯಲ್ಲಿ ಒಬ್ಬಾತ ಬೆಳಗಿನಿಂದ ಸಂಜೆಯವರೆಗೆ ತನ್ನ ಹೆಸರನ್ನೇ ಕೂಗಿಕೊಳ್ಳುತ್ತಿದ್ದನಂತೆ. ತಮಗೂ ಹಾಗಾಗಬಾರದೆಂದು ಕೈಸರ್ ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಲು ಶುರುಮಾಡಿದರು. ಕರೆಂಟಿಲ್ಲ, ಸೆಲ್ಲಿಲ್ಲ. ಕೇಳುತ್ತಿದ್ದದ್ದು ಪ್ಲಾಸ್ಟಿಕ್ ಮನೆಗಳ ಟಕಟಕ ಮಾತ್ರ. ಮಲ್ಲೇಶ್ ಅದರ ಮೇಲೆ ಹಾಡಿದ. ಹಾಡಿದ್ದು ಬಸ್ಸಿನ ಸ್ಟಾಪುಗಳನ್ನು. ಧರ್ಮಪುರ, ಹಿರಿಯೂರು, ಯಲ್ಲದಕೆರೆ, ಹೊಸದುರ್ಗ, ಹೊಳಲ್ಕೆರೆ, ಹೀಗೆ. ಅಂಥ ದಾರಿಯ ಬಸ್ಸು ಎಲ್ಲೂ ಇರಲಿಲ್ಲ. ತಾಯಿ ತಾಜ್ ಬೀಯ ತವರು ಧರ್ಮಪುರವಾದ್ದರಿಂದ ಅಲ್ಲಿಂದ ಹೊರಡಬೇಕೆಂದು ಕೈಸರ್ ಹಟ, ಹೊಸದುರ್ಗದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಮಲ್ಲೇಶನ ಹಟ.

"ಆ ಹಾಡು ಹೆಂಗಿತ್ತು ಅಂತ ನಮ್ಗೇ ಗೊತ್ತಿಲ್ಲ" ಎಂದರು ಕೈಸರ್. "ಬೇಸು ನನ್ನ ತಲೇಲಿ ಮಾತ್ರ ಐತೆ. ಇವತ್ತು ನಿನ್ನ ಡಬ್ಬದಾಗೆ ಕೇಳಿಸ್ತು."

ಫರೀಹಾ ಆ ಮಲ್ಲೇಶ್ ಈಗ ಎಲ್ಲಿದ್ದಾರೆ ಎಂದು ಕೇಳಿದಳು. ಹೊಸದುರ್ಗದಲ್ಲೇ ಇರಬೇಕು ಎಂದರು. ಮತ್ತೆ ಯಾಕೆ ಭೇಟಿಯಿಲ್ಲ ಎಂದರೆ ಕಂಬಳಿ ಮಡಿಸತೊಡಗಿದರು. ಉತ್ತರ ಕೊಟ್ಟದ್ದು ತಾಜ್ ಬೀ. ವಾಪಸು ಬಂದ ಮೇಲೆ ಇಬ್ಬರೂ ಎರಡು ವರ್ಷ ಮದುವೆಗಳಿಗೆ ಆರ್ಕೆಸ್ಟ್ರಾ ಮಾಡಿದರು. ತೊಂಬತ್ತೆರಡರ ಚಳಿಗಾಲದಲ್ಲಿ, ದೇಶದಲ್ಲೆಲ್ಲ ಹಿಂದೂ ಮುಸ್ಲಿಂ ಗಲಭೆಯಾಗಿ ಜನ ಒಬ್ಬರ ಮುಖ ಒಬ್ಬರು ನೋಡಲು ಅಳುಕುತ್ತಿದ್ದಾಗ, ಹೊಸದುರ್ಗದ ಒಂದು ಕಾರ್ಯಕ್ರಮದವರು ಮಲ್ಲೇಶನಿಗೆ ಬೇರೆ ಕೀಬೋರ್ಡಿನವನನ್ನು ಕರೆತರಲು ಹೇಳಿದರಂತೆ. ಆ ಮಾತು ಯಾರ ಬಾಯಿಂದಲೋ ಹಿರಿಯೂರಿಗೆ ಬಂತು. ಮಲ್ಲೇಶ್ ಮಾತ್ರ ಬರಲಿಲ್ಲ. ಅವತ್ತು ಅಟ್ಟಕ್ಕೆ ಹೋದ ಪೆಟ್ಟಿಗೆ ಇವತ್ತು ಇಳಿದಿದೆ ಎಂದಳು ಅಜ್ಜಿ.

ಮುಂದಿನ ಹಲವು ದಿನ ಕೈಸರ್ ಅಂಗಡಿಯ ಕೆಲಸ ಬಿಟ್ಟು ಆ ಕೀಬೋರ್ಡಿನ ಮೇಲೆ ಬಿದ್ದರು. ಕೆಪಾಸಿಟರ್ ಬದಲಾಯಿಸಿದರು, ಬೋರ್ಡು ಉಜ್ಜಿದರು, ಊಟದ ಮಧ್ಯೆ ಎದ್ದು ಹೋಗಿ ಒಂದು ವೈರು ಬೆಸೆದು ಬಂದರು. ಮಗಳಂತೆಯೇ ಅವರ ಕಾಲೂ ಅಲುಗತೊಡಗಿತ್ತು. ಯಂತ್ರ ಎಚ್ಚರಗೊಳ್ಳಲಿಲ್ಲ. ಅತ್ತ ಫರೀಹಾಳಿಗೆ ಬೇರೊಂದು ಚಡಪಡಿಕೆ. ಲ್ಯಾಬಿನಲ್ಲಿ ಟ್ಯೂಬುಗಳಿಗೆ ಹೆಸರು ಅಂಟಿಸುವಾಗಲೂ ಬಾವಿಯೊಳಗಿನ ಆ ದನಿ ಹೇಗಿರಬಹುದೆಂದೇ ಯೋಚನೆ. ಕೊನೆಗೊಂದು ಭಾನುವಾರ ಅವಳು ಅಬ್ಬುವಿನ ಮುಂದೆ ಬೈಕಿನ ಕೀ ಹಿಡಿದು ನಿಂತಳು. ನೀವು ಬರದಿದ್ದರೆ ನಾನೊಬ್ಬಳೇ ಹೋಗುತ್ತೇನೆ ಎಂದಳು. ಕೈಸರ್ ಅವಳನ್ನೇ ನೋಡಿದರು. ನಂತರ ಸತ್ತ ಕೀಬೋರ್ಡನ್ನು ಅದೇ ಕಂಬಳಿಯಲ್ಲಿ ಸುತ್ತಿದರು. ಅವಳು ಕೀ ಅವರ ಕೈಗೆ ಕೊಟ್ಟಳು. ಹಿಂದೆ ಕೂತು ಅದನ್ನು ಮಗುವಿನಂತೆ ತಬ್ಬಿಕೊಂಡಳು.

ಹೊಸದುರ್ಗದಲ್ಲಿ ಕೇಳಿಕೊಂಡು ಹೋಗಿ ಮಲ್ಲೇಶನ ಪಂಪ್‌ಸೆಟ್ ಅಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ತಾಲ್ಲೂಕು ಕಚೇರಿ ದಾಟಿದರೆ ಎಡಕ್ಕೆ, ಬೀದಿಗೆಲ್ಲ ಕಾಣುವಂತೆ ನೀಲಿ ಪೈಪುಗಳನ್ನು ನಿಲ್ಲಿಸಿದ್ದರು. ಒಳಗೆ ಹಣೆಗೆ ವಿಭೂತಿ ಹಚ್ಚಿದ ದಪ್ಪ ಮನುಷ್ಯನೊಬ್ಬ ಒಬ್ಬ ತೆಂಗಿನ ತೋಟದವನಿಗೆ ಮೋಟರಿನ ಬಗ್ಗೆ ವಿವರಿಸುತ್ತಿದ್ದ. ಬಾಗಿಲಲ್ಲಿ ಕೈಸರನ್ನು ನೋಡಿ ಮಾತು ಅರ್ಧಕ್ಕೇ ನಿಲ್ಲಿಸಿದ. ಯಾರೂ ಓಡಿಬಂದು ತಬ್ಬಿಕೊಳ್ಳಲಿಲ್ಲ. ಗಿರಾಕಿಯನ್ನು ಪೂರ್ತಿ ಸಾಗಹಾಕಿದ ಮೇಲೆ ಮಲ್ಲೇಶ್ ಒಂದು ಸ್ಟೂಲು ಎಳೆದು, "ಕುಂತ್ಕಳ್ರಿ" ಎಂದರು. ಆ ಬಹುವಚನ ಕೈಸರ್ ಮುಖಕ್ಕೆ ಬಡಿದದ್ದನ್ನು ಫರೀಹಾ ಕಂಡಳು. ದನಿಯನ್ನೂ ಕೇಳಿದಳು. ಅಬ್ಬು ಹೇಳಿದ್ದು ಕಡಿಮೆಯೇ ಆಗಿತ್ತು.

ಮಳೆಯ ಮಾತು ಬಂತು, ಕೊಬ್ಬರಿ ಧಾರಣೆಯ ಮಾತು ಬಂತು, ಮಕ್ಕಳ ಮಾತು ಬಂತು. ಮಲ್ಲೇಶನ ಹೆಂಡತಿ ಕಮಲಮ್ಮ ಅಂಗಡಿ ಹಿಂದಿನ ಮನೆಯಿಂದ ಕಾಫಿ ತಂದಳು. ಬಂದವರು ಯಾರೆಂದು ಗಂಡ ಹೇಳಿದ್ದೇ ತಡ, ಲೋಟಗಳನ್ನು ಕೆಳಗಿಡದೆ ನಿಂತುಬಿಟ್ಟಳು. ಓಹೋ ಇವರೇನಾ ಎಂದಳು. ತಾನು ಮದುವೆಯಾಗಿ ಬಂದಾಗಿನಿಂದ ಈ ಮನುಷ್ಯ ನಿದ್ದೆಯಲ್ಲಿ 'ಕೈಸರ್, ಬಸ್ಸು ಬಂತು ಏಳೋ' ಎನ್ನುವುದನ್ನು ಕೇಳಿ ಕೇಳಿ ಸಾಕಾಗಿದೆ ಎಂದಳು. ಮಲ್ಲೇಶ್ ಅವಳನ್ನು ಒಳಗೆ ಹೋಗು ಎನ್ನುವಂತೆ ನೋಡಿದರು. ಅವಳು ಹೋಗಲಿಲ್ಲ. ಆಮೇಲೆ ಅವರೇ ನೆಲ ನೋಡುತ್ತ ಮಾತಾಡಿದರು.

"ಅವತ್ತು ಆ ಕಾರ್ಯಕ್ರಮಕ್ಕೆ ನಾನೂ ಹೋಗ್ಲಿಲ್ಲ ಕಣೋ. ಇವ್ನಿಲ್ದೆ ನಾನು ಹಾಡಲ್ಲ ಅಂತ ಅವರಿಗೆ ಹೇಳ್ದೆ. ಬಂದು ನಿಂಗೂ ಹೇಳಾಣ ಅಂದ್ಕಂಡೆ. ಆ ಮಾತನ್ನ ನಿನ್ನ ಮುಂದೆ ಹೆಂಗೆ ಆಡೋದು ಅಂತ ತಿಳೀಲಿಲ್ಲ. ಇವತ್ತು ಹೋಗಾಣ, ನಾಳೆ ಹೋಗಾಣ ಅಂತ..."

ಕೈಸರ್ ಕಾಫಿ ಲೋಟದ ಅಂಚನ್ನು ಬೆರಳಿನಿಂದ ಒರೆಸಿದರು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. ಇಷ್ಟು ವರ್ಷ ಯಾರ ಮೇಲೆ ಮುನಿಸಿಕೊಂಡಿದ್ದರೋ ಅಂಥದೊಬ್ಬ ಮನುಷ್ಯ ಇರಲೇ ಇಲ್ಲ ಎಂದು ಗೊತ್ತಾದರೆ ಯಾರಿಗಾದರೂ ಗೊಂದಲವಾಗುತ್ತದೆ. "ಹೇಳ್ಬೇಕಿತ್ತು ಲೇ" ಎಂದರು, ಅಷ್ಟೇ.

ಫರೀಹಾ ತಡೆಯಲಾರದೆ ತಾನು ಬಂದ ಕಾರಣ ಹೇಳಿದಳು. ಹಾಡಬೇಕು ಎಂದು ನೇರವಾಗಿ ಕೇಳಿದಳು. ಮಲ್ಲೇಶ್ ನಕ್ಕುಬಿಟ್ಟರು. ತಾನೀಗ ಮಠದ ಭಜನೆಯಲ್ಲಿ ಕೂಡ ಬಾಯಿ ಬಿಡುವುದಿಲ್ಲ, ಮೋಟರು ಮಾರುವವನಿಗೆ ಹಾಡೇಕೆ ಎಂದರು. ಅವಳು ಫೋನು ತೆಗೆದು ತನ್ನ ತುಣುಕನ್ನು ಹಾಕಿದಳು. ಅವರ ನಗು ನಿಂತಿತು. ಆದರೂ ಆಗುವುದಿಲ್ಲ ಎಂದೇ ತಲೆಯಾಡಿಸಿದರು.

ಆಗ ಕೈಸರ್ ಎದ್ದು ಕಂಬಳಿ ಬಿಚ್ಚಿದರು. ಕೀಬೋರ್ಡನ್ನು ಹಿಂದಿನ ಗೋದಾಮಿಗೆ ಒಯ್ದು, ಒಂದು ಮೋಟರಿನ ಪೆಟ್ಟಿಗೆಯ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡರು. ಯಾರನ್ನೂ ಕರೆಯಲಿಲ್ಲ. ನುಡಿಸತೊಡಗಿದರು. ಟಕ ಟಕ, ಟಕಟಕ ಟಕ. ನಾಲ್ಕು ಸ್ವರಗಳ ಓಡಾಟ, ಸ್ವರವೊಂದೂ ಇಲ್ಲ. ಮಲ್ಲೇಶ್ ಗೋದಾಮಿನ ಬಾಗಿಲಿಗೆ ಬಂದು ನಿಂತರು. ಒಮ್ಮೆ ಕೆಮ್ಮಿದರು. ಹೆಗಲ ಮೇಲಿದ್ದ ಟವೆಲು ತೆಗೆದು ಕೈಯಲ್ಲಿ ಹಿಂಡಿದರು.

"ಧರ್ಮಪುರ" ಎಂದರು, ಹಾಡಲಿಲ್ಲ, ಹೇಳಿದರು. ಎರಡನೆಯ ಸುತ್ತಿಗೆ ಅದು ಹಾಡಾಯಿತು.

ಫರೀಹಾ ಫೋನನ್ನು ಪೈಪುಗಳ ಮಧ್ಯೆ ಇಟ್ಟು ರೆಕಾರ್ಡಿಂಗ್ ಒತ್ತಿದ್ದಳು. ದನಿ ಮೇಲಿನ ಸ್ವರಗಳಲ್ಲಿ ಒಡೆದಿತ್ತು, ಉಸಿರು ಸಾಲದೆ ಅಲ್ಲಲ್ಲಿ ಕತ್ತರಿಸುತ್ತಿತ್ತು. ಕೆಳಗಿಳಿದಾಗ ಮಾತ್ರ ಪೈಪುಗಳೇ ಗುಂಯ್‌ಗುಡುತ್ತಿದ್ದವು. ಮಧ್ಯದಲ್ಲಿ ಯಲ್ಲದಕೆರೆ ಮೊದಲೋ ಹೊಸದುರ್ಗ ಮೊದಲೋ ಎಂದು ಇಬ್ಬರಿಗೂ ಜಗಳವಾಗಿ ನಿಲ್ಲಿಸಬೇಕಾಯಿತು. ಇಲ್ಲದ ಬಸ್ಸಿನ ದಾರಿಗೆ ಇಷ್ಟು ವಯಸ್ಸಾದವರು ಹೊಡೆದಾಡುತ್ತಾರಲ್ಲ ಎಂದು ಕಮಲಮ್ಮ ಒಳಗಿನಿಂದಲೇ ಹೇಳಿದಳು. ಮತ್ತೆ ಶುರುವಾಯಿತು. ಹೊಳಲ್ಕೆರೆ ದಾಟಿ, ಇನ್ನೇನು ಕೊನೆಯ ಸ್ಟಾಪು ಚಿತ್ರದುರ್ಗ ಬರಬೇಕು ಎನ್ನುವಾಗ ಮಲ್ಲೇಶ್ ಮತ್ತೆ ಧರ್ಮಪುರಕ್ಕೆ ಹೋದರು. ಪ್ರತಿ ಸಲವೂ ಹಾಗೆಯೇ.

ಮುಗಿದ ಮೇಲೆ ಕೊನೆಯ ಸ್ಟಾಪು ಯಾಕೆ ಹೇಳುವುದಿಲ್ಲ ಎಂದು ಫರೀಹಾ ಕೇಳಿದಳು.

"ಬಸ್ಸಿಂದ ಇಳಿದ್ಬಿಟ್ರೆ ಮತ್ತೆ ಆ ಡೇರೆನೇ ಕಾಣ್ತಿತ್ತಮ್ಮ" ಎಂದರು ಮಲ್ಲೇಶ್.

ಊಟ ಮಾಡದೆ ಬಿಡುವುದಿಲ್ಲ ಎಂದು ಕಮಲಮ್ಮ ಮುದ್ದೆ ಬಡಿಸಿದಳು. ಊಟದ ಹೊತ್ತಿಗೆ ಬಹುವಚನ ಪೂರ್ತಿ ಮರೆತುಹೋಗಿ, ಕುವೈತಿನ ಬೇಕರಿಯವನನ್ನು ಇಬ್ಬರೂ ಸೇರಿ ಬೈಯುತ್ತಿದ್ದರು.

ಆ ಧ್ವನಿಯನ್ನು ಹಾಡಾಗಿ ಮಾಡಲು ಫರೀಹಾಳಿಗೆ ಒಂದು ತಿಂಗಳೇ ಹಿಡಿಯಿತು. ಡ್ರಮ್ ಮಷೀನನ್ನು ಅವಳು ಬಳಸಲಿಲ್ಲ. ಸತ್ತ ಕೀಬೋರ್ಡಿನ ಟಕಟಕವನ್ನೇ ಕತ್ತರಿಸಿ, ದಪ್ಪ ಮಾಡಿ, ತಾಳವಾಗಿಸಿದಳು. ಕೆಳಗೆ ತನ್ನ ಬೇಸನ್ನು ಹಾಕಿದಳು. ಕೈಸರ್ ದಿನವೂ ಹಿಂದೆ ನಿಂತು ತಕರಾರು ತೆಗೆಯುತ್ತಿದ್ದರು. ಬೇಸು ತುಂಬ ಮೆತ್ತಗಿದೆ, ಹಾಸಿಗೆಯಂತಿದೆ, ಕಲ್ಲಿನ ಮೇಲೆ ಮಲಗಿದಂತಿರಬೇಕು ಎನ್ನುತ್ತಿದ್ದರು. ಕೊನೆಯಲ್ಲಿ ಅವಳು ರಾಗವನ್ನು ಮೂಲ ಸ್ವರಕ್ಕೆ ತಂದು ನಿಲ್ಲಿಸಿದ್ದಳು. ಅದು ಬೇಡ ಎಂದರು. ಕೇಳುವವರಿಗೆ ಮುಗಿಯಿತು ಅನ್ನಿಸಬೇಕಲ್ಲ ಎಂದು ಅವಳು ವಾದಿಸಿದಳು. ಎರಡು ದಿನ ಇಬ್ಬರೂ ಮಾತು ಬಿಟ್ಟರು. ಅಮ್ಮಿಯ ಕೈಯಲ್ಲಿ ಉಪ್ಪು ಕೊಡು, ಕೀ ಕೊಡು ಎಂದು ಹೇಳಿಸುತ್ತ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಫರೀಹಾ ಆ ಕೊನೆಯ ಸ್ವರ ತೆಗೆದು ಕೇಳಿದಳು. ಐಮಂಗಲದ ಬಸ್ಸಿನಲ್ಲಿ ಆದದ್ದೇ ಮತ್ತೆ ಆಯಿತು. ಅಬ್ಬುವನ್ನು ಕರೆಯಲಿಲ್ಲ. ಸ್ಪೀಕರಿನ ಶಬ್ದ ಏರಿಸಿದಳು, ಅವರೇ ಬಂದರು. ಕೇಳಿ ಮುಗಿಸಿ, ಈಗ ಸರಿಯಾಯಿತು ಎಂದು ಹೇಳಿ, ಅವಳ ತಲೆಯ ಮೇಲೆ ಕೈಯಿಟ್ಟು ಕೆಲಸಕ್ಕೆ ಹೋದರು. ಜನರೇಟರಿನಂತೆ ಗುಡುಗುಡು ಎನ್ನುವ ಹಾಡು ಅಂತೂ ಮುಗಿಯಿತಲ್ಲ ಎಂದಳು ತಾಜ್ ಬೀ. ಆದರೆ ತನ್ನ ತವರಿನ ಹೆಸರು ಬರುವ ಭಾಗವನ್ನು ಮತ್ತೊಮ್ಮೆ ಹಾಕಿಸಿಕೊಂಡಳು.

ಅಂತರ್ಜಾಲಕ್ಕೆ ಹಾಕಿದ ಆ ಹಾಡು ಅಂಥ ದೊಡ್ಡ ಹೆಸರನ್ನೇನೂ ಮಾಡಲಿಲ್ಲ. ಕೆಲವರು ಕೇಳಿದರು. ಯಾರೋ ಒಬ್ಬರು ಪೋಲೆಂಡಿನಿಂದ ಇದು ಯಾವ ಪ್ರಾರ್ಥನೆ ಎಂದು ಬರೆದು ಕೇಳಿದರು. ದಾವಣಗೆರೆಯ ಒಬ್ಬ ಹುಡುಗಿ ಈ ಬಸ್ಸು ಎಷ್ಟು ಗಂಟೆಗಿದೆ ಎಂದು ತಮಾಷೆ ಮಾಡಿ, ಮರುದಿನ ಮತ್ತೆ ಬಂದು, ಪರೀಕ್ಷೆಗೆ ಓದುವಾಗ ಇದನ್ನೇ ಕೇಳುತ್ತಿದ್ದೇನೆ ಎಂದು ಬರೆದಳು. ಹೊಳಲ್ಕೆರೆಯ ಒಬ್ಬರು ತಮ್ಮೂರಿನ ಹೆಸರನ್ನು ಎಳೆದು ಹಾಳುಮಾಡಿದ್ದಾರೆಂದು ಬೈದಿದ್ದರು. ಮಲ್ಲೇಶ್ ಆ ಬೈಗುಳವನ್ನು ಅಂಗಡಿಗೆ ಬಂದ ಎಲ್ಲರಿಗೂ ಓದಿ ಹೇಳಿದರಂತೆ.

ಫರೀಹಾಳ ಚಡಪಡಿಕೆ ಇಳಿಯಲಿಲ್ಲ. ಮೊದಲು ಅದಕ್ಕೆ ಹೆಸರಿರಲಿಲ್ಲ, ಈಗ ಕೆಲಸವೊಂದು ಸಿಕ್ಕಿತ್ತು. ಕೆಟ್ಟದ್ದೆಂದರೆ ಅದು ಮಲ್ಲೇಶನಿಗೂ ಅಂಟಿಕೊಂಡಿತು. ಗಿರಾಕಿಗಳ ಮುಂದೆ ಕೌಂಟರು ಬಡಿಯುತ್ತಾರೆ, ಸ್ನಾನದ ಮನೆಯಿಂದ ಹೊರಬರುವುದಿಲ್ಲ ಎಂದು ಕಮಲಮ್ಮ ಫೋನು ಮಾಡಿ ದೂರಿದಳು. ಗುರುವಾರ ಅಂಗಡಿ ರಜೆಯಾದ್ದರಿಂದ ಅವರು ಬಸ್ಸು ಹಿಡಿದು ಹಿರಿಯೂರಿಗೆ ಬರತೊಡಗಿದರು. ಬಂದವರು ಕೈಸರ್ ಜೊತೆ ಅರ್ಧ ಹೊತ್ತು ಹಾಡು, ಅರ್ಧ ಹೊತ್ತು ಜಗಳ.

ಮೊನ್ನೆ ಬೆಳಿಗ್ಗೆ ಫರೀಹಾ ಲ್ಯಾಬಿನಲ್ಲಿದ್ದಳು. ಎದುರಿಗೆ ಧರ್ಮಪುರದ ಕಾಟಯ್ಯ ಎಂಬ ಶೇಂಗಾ ವ್ಯಾಪಾರಿ ಅಂಗಿಯ ತೋಳು ಮಡಚಿ ಕೂತಿದ್ದ. ಫೋನು ಬಡಿದುಕೊಂಡಿತು. ಮಲ್ಲೇಶ್. ರಕ್ತ ತೆಗೆಯುತ್ತಿದ್ದೇನೆ, ಆಮೇಲೆ ಮಾಡುತ್ತೇನೆ ಎಂದಳು. ಆಮೇಲೆ ಮರೆತುಹೋಗುತ್ತದೆ, ಹೊಸದೊಂದು ಸಾಲು ಬಂದಿದೆ ಎಂದರು ಅವರು, ಕಾಯಲಿಲ್ಲ, ಹಾಡಿಯೇಬಿಟ್ಟರು. ಫೋನನ್ನು ಕಿವಿ ಮತ್ತು ಭುಜದ ಮಧ್ಯೆ ಸಿಕ್ಕಿಸಿಕೊಂಡು ಅವಳು ಕಾಟಯ್ಯನ ತೋಳಿಗೆ ರಬ್ಬರು ಕಟ್ಟಿದಳು. ಬಾವಿಯೊಳಗಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು.

"ಯಾರಮ್ಮ ಅದು, ಅಷ್ಟು ಸಂಕಟದಾಗೆ ಇರೋರು?" ಎಂದ ಕಾಟಯ್ಯ.

"ಸಂಕಟ ಅಲ್ಲ, ಹಾಡ್ತಾ ಅವ್ರೆ. ಮುಷ್ಟಿ ಬಿಗಿ ಹಿಡೀರಿ" ಎಂದು ಹೇಳಿ ಅವಳು ನರ ಹುಡುಕತೊಡಗಿದಳು.